ಸ್ತ್ರೀಯ ಸ್ವಂತ ಆಸ್ತಿ: ಹೆಸರು ಮತ್ತು ಸಹಿ

(ಶತಮಾನೋತ್ಸವದ ಅಂಗವಾಗಿ ಚರ್ಚ್ ಸಭಾಂಗಣದಲ್ಲಿ ನಡೆದ ಮಹಿಳಾ ಸಮಾವೇಶದಲ್ಲಿ, ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು ಮಾಡಿದ ಭಾಷಣ)



 ದೇವಾಲಯದ ಉತ್ಸವದಲ್ಲಿ ಹಣಕಾಸಿನ ವಿಷಯವೇಕೆ, ಭಕ್ತಿಗೂ ಬಡ್ಡಿಗೂ ಏನು ಸಂಬಂಧ ಎಂದು ತಮ್ಮಲ್ಲಿ ಕೆಲವರಿಗೆ ಅನಿಸಿರಬಹುದು. ನಮ್ಮ ಹಳೆಯ ದೇವಾಲಯಗಳ ಗೋಡೆಗಳಲ್ಲಿ ದಾನಿಗಳ ಹೆಸರು ಕೆತ್ತಿದ ಕಲ್ಲುಗಳನ್ನು ತಾವೆಲ್ಲ ನೋಡಿದ್ದೀರಿ. ಆ ಹಣದಲ್ಲಿ ಮೊಟ್ಟೆ ಮಾರಿದ, ಹಾಲು ಅಳೆದ, ಮಲ್ಲಿಗೆ ಕಟ್ಟಿದ ಹೆಂಗಸರ ಕಾಸು ಎಷ್ಟಿತ್ತೆಂಬುದನ್ನು ಹಿರಿಯರು ಬಲ್ಲರು. ಕಲ್ಲಿನ ಮೇಲೆ ಮಾತ್ರ ಹೆಚ್ಚಾಗಿ ಗಂಡಂದಿರ ಹೆಸರುಗಳೇ ಇವೆ. ಆ ಕಾಲದ ರೀತಿ ಹಾಗಿತ್ತು. ಅದಕ್ಕಾಗಿ ಯಾರನ್ನೂ ದೂರುವ ಉದ್ದೇಶ ನನಗಿಲ್ಲ. ಆದರೆ ನಾನು ಇಂದು ಆಡಬೇಕೆಂದಿರುವ ಮಾತು ಈ ಹೆಸರಿನ ವಿಚಾರವಾಗಿಯೇ ಇದೆ.

ದುಡಿಮೆಯಲ್ಲಿ ನಮ್ಮ ಹೆಂಗಸರು ಎಂದೂ ಹಿಂದೆ ಬಿದ್ದವರಲ್ಲ. ಗದ್ದೆಯಲ್ಲಿ ನೇಜಿ ನೆಟ್ಟರು, ಬೀಡಿ ಕಟ್ಟಿದರು, ಗೇರುಬೀಜದ ಕಾರ್ಖಾನೆಗಳಲ್ಲಿ ಕೈ ಕಪ್ಪಾಗಿಸಿಕೊಂಡರು, ದಾದಿಯರಾಗಿ ಶಿಕ್ಷಕಿಯರಾಗಿ ದೂರದೂರುಗಳಿಗೆ ಹೋದರು. ಹಾಗೆ ದುಡಿದದ್ದು ಕೊನೆಗೆ ಎಲ್ಲಿ ಹೋಗಿ ನಿಲ್ಲುತ್ತದೆ, ಯಾರ ಹೆಸರಿನಲ್ಲಿ ನಿಲ್ಲುತ್ತದೆ ಎಂಬುದೇ ಪ್ರಶ್ನೆ. ಬ್ಯಾಂಕಿನ ಮೇಜಿನ ಹಿಂದೆ ಕುಳಿತು ಮೂವತ್ತಕ್ಕೂ ಹೆಚ್ಚು ವರ್ಷ ಕಾಗದಪತ್ರಗಳನ್ನು ನೋಡಿದ ನನಗೆ ಕಂಡ ಒಂದು ಸತ್ಯವನ್ನು ಹೇಳುತ್ತೇನೆ. ಸಾಲದ ಕಾಗದದಲ್ಲಿ ಹೆಣ್ಣಿನ ಹೆಸರು ಬಹಳ ಬೇಗ ಕಾಣಿಸಿಕೊಳ್ಳುತ್ತದೆ. ಜಾಗದ ಕಾಗದದಲ್ಲಿ ಅದು ಬಹಳ ತಡವಾಗಿ ಬರುತ್ತದೆ, ಎಷ್ಟೋ ಸಲ ಬರುವುದೇ ಇಲ್ಲ.

ಉಡುಪಿ ಸೀಮೆಯ ಶಂಕರಪುರದ ಮಲ್ಲಿಗೆಯನ್ನು ತಾವು ಬಲ್ಲಿರಿ. ಬೆಳಗಾಗುವ ಮುನ್ನ ಮೊಗ್ಗು ಬಿಡಿಸಬೇಕು, ಬಾಳೆನಾರಿನಲ್ಲಿ ಒತ್ತಾಗಿ ಕಟ್ಟಬೇಕು, ಹೊತ್ತಿಗೆ ಸರಿಯಾಗಿ ಕಟ್ಟೆಗೆ ಮುಟ್ಟಿಸಬೇಕು. ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಅಟ್ಟೆಯ ದರ ದಿನದಿನಕ್ಕೆ ಏರಿಳಿಯುತ್ತದೆ. ಹಬ್ಬ, ಮದುವೆ, ಕೋಲಗಳ ಕಾಲದಲ್ಲಿ ಹೂವು ಚಿನ್ನವಾಗುತ್ತದೆ. ಮಳೆಗಾಲದಲ್ಲಿ ಗಿಡಕ್ಕೆ ರೋಗ ಬಂದರೆ ಕೈ ಬರಿದಾಗುತ್ತದೆ. ಈ ವ್ಯವಹಾರದಲ್ಲಿ ಲೆಕ್ಕ ಇಟ್ಟುಕೊಳ್ಳಬಲ್ಲ, ದರದ ಮರ್ಮ ತಿಳಿದ, ಯಾವ ವ್ಯಾಪಾರಿಗೂ ಸೋಲದ ಹೆಂಗಸರನ್ನು ನಾನು ಕಂಡಿದ್ದೇನೆ. ಅವರಲ್ಲಿ ಒಬ್ಬರು ತಮ್ಮ ಗಂಡನ ಪಾಸ್‌ಬುಕ್ಕಿಗೆ ಹಣ ಕಟ್ಟಲು ವಾರಕ್ಕೊಮ್ಮೆ ಬರುತ್ತಿದ್ದರು. ನಿಮ್ಮದೇ ಖಾತೆ ತೆರೆಯಬಾರದೇ ಎಂದರೆ, ನಮಗೆಲ್ಲ ಆ ಬ್ಯಾಂಕಿನ ವ್ಯವಹಾರ ತಿಳಿಯುತ್ತದೆಯೇ ಅಮ್ಮಾ ಎನ್ನುತ್ತಿದ್ದರು. ಅಟ್ಟೆಯ ಲೆಕ್ಕವನ್ನು ಬಾಯಲ್ಲೇ ಹೇಳಬಲ್ಲ ಆ ತಾಯಿಗೆ ಹಣ ಕಟ್ಟುವ ಚೀಟಿಯೊಂದು ಭಯ ಹುಟ್ಟಿಸುತ್ತಿತ್ತು. ಅವರ ಬುದ್ಧಿಗೆ ಯಾವ ಕೊರತೆಯೂ ಇರಲಿಲ್ಲ. ಬರೆದ ಕಾಗದ ಗಂಡಸರ ಕ್ಷೇತ್ರ ಎಂಬ ಭಾವನೆ ಮಾತ್ರ ಬಾಲ್ಯದಿಂದ ಮನಸ್ಸಿನಲ್ಲಿ ಕುಳಿತಿತ್ತು.

ಇಂತಹ ಭಯವನ್ನು ಹೋಗಲಾಡಿಸಲು ನಮ್ಮ ಕರಾವಳಿಯಲ್ಲಿಯೇ ಹಿಂದೆ ಒಂದು ಸುಂದರವಾದ ಪ್ರಯತ್ನ ನಡೆಯಿತು. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿ ಯೋಜನೆಯನ್ನು ಆರಂಭಿಸಿತು. ದಿನಕ್ಕೆ ಎರಡಾಣೆಯಷ್ಟು ಅಲ್ಪ ಹಣವನ್ನೂ ಏಜೆಂಟನು ಮನೆಬಾಗಿಲಿಗೇ ಬಂದು ಪಡೆದು ಬರೆದುಕೊಳ್ಳುತ್ತಿದ್ದ. ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಆದರೆ ‘ಪಿಗ್ಮಿ’ ಎಂಬ ಶಬ್ದ ಜನರ ಬಾಯಲ್ಲಿ ಉಳಿದಿದೆ. ಬ್ಯಾಂಕಿನ ಮೆಟ್ಟಿಲು ಹತ್ತಲು ಅಂಜುವವರ ಬಳಿಗೆ ಬ್ಯಾಂಕೇ ನಡೆದು ಬಂದದ್ದು ಈ ಯೋಜನೆಯ ಹಿರಿಮೆ. ಇದೇ ವಿಚಾರವನ್ನು ಇನ್ನೊಂದು ಬಗೆಯಲ್ಲಿ ಮುಂದುವರಿಸಿದವರು ಅಹಮದಾಬಾದಿನ ಶ್ರೀಮತಿ ಇಳಾ ಭಟ್ಟರು. 1974ರಲ್ಲಿ ಸುಮಾರು ನಾಲ್ಕು ಸಾವಿರ ಶ್ರಮಜೀವಿ ಹೆಂಗಸರು ತಲಾ ಹತ್ತು ರೂಪಾಯಿ ಹಾಕಿ ‘ಸೇವಾ’ ಸಹಕಾರಿ ಬ್ಯಾಂಕನ್ನು ಸ್ಥಾಪಿಸಿದರು. ತರಕಾರಿ ಮಾರುವವರು, ಚಿಂದಿ ಆಯುವವರು, ತಲೆಹೊರೆ ಹೊರುವವರು ಅದರ ಸದಸ್ಯೆಯರು. ಸಹಿ ಬಾರದವರ ಗುರುತಿಗಾಗಿ ಅವರ ಭಾವಚಿತ್ರಗಳನ್ನೇ ಬಳಸಿದರು. ಓದು ಬಾರದವಳು ಖಾತೆದಾರಳಾಗಲಾರಳು ಎಂಬ ವಾದ ಅಲ್ಲಿಗೆ ಮುಗಿಯಿತು.

ಉಳಿತಾಯದ ಲೆಕ್ಕವನ್ನು ಒಮ್ಮೆ ನೋಡೋಣ. ತಿಂಗಳಿಗೆ ಐದು ನೂರು ರೂಪಾಯಿಯನ್ನು ವರ್ಷಕ್ಕೆ ಶೇಕಡ 7ರ ಬಡ್ಡಿಯಲ್ಲಿ, ಬಡ್ಡಿಗೂ ಬಡ್ಡಿ ಸೇರುವಂತೆ ಕಟ್ಟುತ್ತ ಹೋದರೆ ಇಪ್ಪತ್ತು ವರ್ಷಗಳಲ್ಲಿ ಕಟ್ಟಿದ ಅಸಲು 1,20,000 ರೂಪಾಯಿ. ಕೈಗೆ ಬರುವುದು ಸುಮಾರು 2,60,000. ಇನ್ನೂ ಹತ್ತು ವರ್ಷ ಮುಂದುವರಿಸಿದರೆ ಅಸಲಿಗೆ ಸೇರುವುದು 60,000 ಮಾತ್ರ, ಮೊತ್ತವಾದರೋ ಸುಮಾರು 6,10,000ಕ್ಕೆ ಏರುತ್ತದೆ. ಕೊನೆಯ ಹತ್ತು ವರ್ಷಗಳು ಮೊದಲ ಇಪ್ಪತ್ತು ವರ್ಷಗಳಿಗಿಂತ ಹೆಚ್ಚು ದುಡಿಯುತ್ತವೆ. ಆದ್ದರಿಂದಲೇ ಇಪ್ಪತ್ತೆರಡರ ಹರೆಯದ ಹುಡುಗಿ ಇಡುವ ಸಣ್ಣ ಮೊತ್ತಕ್ಕೆ ನಲವತ್ತೈದರ ತಾಯಿ ಇಡುವ ದೊಡ್ಡ ಮೊತ್ತಕ್ಕಿಂತ ಹೆಚ್ಚು ಬಲ. ಇದರ ಇನ್ನೊಂದು ಮುಖವನ್ನೂ ಮರೆಮಾಚಬಾರದು. ಬೆಲೆಗಳು ವರ್ಷಕ್ಕೆ ಶೇಕಡ 6ರಂತೆ ಏರಿದರೆ ಹನ್ನೆರಡು ವರ್ಷಗಳಲ್ಲಿ ಇಮ್ಮಡಿಯಾಗುತ್ತವೆ. ಅಕ್ಕಿಡಬ್ಬದಲ್ಲಿ ಬಚ್ಚಿಟ್ಟ ನೋಟು ಅಲ್ಲಿಯೇ ಇದ್ದೂ ಅರ್ಧ ಕರಗಿಹೋಗಿರುತ್ತದೆ. ಹೆಚ್ಚು ಬಡ್ಡಿಯ ಆಸೆ ತೋರಿಸುವ ಹೊಸ ಹೊಸ ಸಂಸ್ಥೆಗಳ ವಿಷಯದಲ್ಲಿಯೂ ಎಚ್ಚರ ಬೇಕು. ವಿಮೆಗೆ ಒಳಪಟ್ಟ ಬ್ಯಾಂಕುಗಳಲ್ಲಿ ಒಬ್ಬ ಠೇವಣಿದಾರರಿಗೆ ಒಂದು ಬ್ಯಾಂಕಿನಲ್ಲಿ ಐದು ಲಕ್ಷ ರೂಪಾಯಿಯವರೆಗೆ ರಕ್ಷಣೆ 2020ರಿಂದ ದೊರೆತಿದೆ. ಬೀದಿಯ ಚೀಟಿಗೆ ಅಂತಹ ರಕ್ಷಣೆಯಿಲ್ಲ.

ಇನ್ನು ಚಿನ್ನದ ಮಾತು. ಚಿನ್ನವನ್ನು ಹೀಗಳೆಯುವವರ ಗುಂಪಿಗೆ ನಾನು ಸೇರಿದವಳಲ್ಲ. ತಲೆತಲಾಂತರದಿಂದ ಹೆಣ್ಣಿನ ಕೈಯಲ್ಲಿ ನೇರವಾಗಿ ಉಳಿದ ಏಕಮಾತ್ರ ಸಂಪತ್ತು ಅದು. ಆದರೆ ಕುಟುಂಬಕ್ಕೆ ಕಷ್ಟ ಬಂದಾಗ ಮೊದಲು ಮನೆಬಿಟ್ಟು ಹೋಗುವುದೂ ಅದೇ. ಅಂಗಡಿ ಹಾಕಲು ಬಳೆ ಹೋಯಿತು, ಮಗನನ್ನು ಗಲ್ಫಿಗೆ ಕಳುಹಿಸಲು ಸರ ಹೋಯಿತು. ಅಂಗಡಿಯ ಪರವಾನಗಿ ಮಾತ್ರ ಯಾರ ಹೆಸರಿನಲ್ಲಿದೆ? ಸಂತೋಷದಿಂದ ಕೊಟ್ಟರೆ ಕೊಡಲಿ. ಕೊಟ್ಟದ್ದಕ್ಕೆ ಪ್ರತಿಯಾಗಿ ಪಾಲುದಾರಳೆಂದು ಒಂದು ಸಾಲು ಬರೆಸಿಕೊಳ್ಳುವುದು ಪ್ರೀತಿಗೆ ವಿರೋಧವೇನಲ್ಲ. ಹೆಣ್ಣಿಗೆ ಬಂದ ಆಭರಣ, ಉಡುಗೊರೆಗಳು ಆಕೆಯ ಸಂಪೂರ್ಣ ಸ್ವತ್ತು, ಗಂಡನ ಮನೆಯವರು ಅದನ್ನು ಇಟ್ಟುಕೊಂಡಿದ್ದರೂ ಅದು ನಂಬಿ ಒಪ್ಪಿಸಿದ ವಸ್ತುವೇ ಹೊರತು ಅವರದಾಗುವುದಿಲ್ಲ ಎಂದು ಸರ್ವೋಚ್ಚ ನ್ಯಾಯಾಲಯ 1985ರಲ್ಲಿ ಪ್ರತಿಭಾ ರಾಣಿ ಪ್ರಕರಣದಲ್ಲಿ ತೀರ್ಪಿತ್ತಿತು. ಅದೇ ವರ್ಷ ಬಂದ ನಿಯಮಗಳ ಪ್ರಕಾರ ಮದುವೆಯ ಉಡುಗೊರೆಗಳ ಪಟ್ಟಿಯನ್ನು ಬರವಣಿಗೆಯಲ್ಲಿ ಇಡಬೇಕು, ಸಹಿ ಹಾಕಬೇಕು. ಮದುವೆಯ ಊಟದ ಪಟ್ಟಿಯನ್ನು ಮೂರು ಸಲ ತಿದ್ದಿ ಬರೆಯುವ ನಾವು ಈ ಪಟ್ಟಿಯನ್ನು ಬರೆದ ಮನೆಗಳು ಎಷ್ಟಿವೆಯೋ!

ಮುಖ್ಯವಾದ ವಿಷಯಕ್ಕೆ ಬರುತ್ತೇನೆ: ತವರಿನ ಪಾಲು. ಕರ್ನಾಟಕದ ನಮ್ಮ ಕ್ರೈಸ್ತ ಕುಟುಂಬಗಳಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಅನ್ವಯಿಸುತ್ತದೆ. ಉಯಿಲು ಬರೆಯದೆ ಒಬ್ಬ ಗೃಹಸ್ಥ ತೀರಿಕೊಂಡರೆ ಆತನ ಆಸ್ತಿಯಲ್ಲಿ ಮೂರನೆಯ ಒಂದು ಭಾಗ ವಿಧವೆಗೆ, ಉಳಿದ ಎರಡು ಭಾಗ ಮಕ್ಕಳಿಗೆ ಸಮನಾಗಿ. ಗಂಡು ಹೆಣ್ಣೆಂಬ ಭೇದ ಅಲ್ಲಿಲ್ಲ. ಮದುವೆಯಾದ ಮಗಳು, ಮದುವೆಯಾಗದ ಮಗಳು ಎಂಬ ಭೇದವೂ ಇಲ್ಲ. ತೊಂಬತ್ತು ಸೆಂಟ್ಸ್ ಜಾಗವಿದ್ದು, ಹೆಂಡತಿ, ಇಬ್ಬರು ಗಂಡುಮಕ್ಕಳು ಮತ್ತು ಒಬ್ಬಳು ಮಗಳಿದ್ದರೆ ತಾಯಿಗೆ ಮೂವತ್ತು, ಮೂವರು ಮಕ್ಕಳಿಗೆ ತಲಾ ಇಪ್ಪತ್ತು. ಮದುವೆಯ ಖರ್ಚನ್ನು ಆಕೆಯ ಪಾಲಿನಿಂದ ಕಳೆಯಬೇಕೆಂದು ಆ ಕಾಯ್ದೆ ಹೇಳುವುದಿಲ್ಲ.

ನಮ್ಮ ನೆರೆಯ ತಿರುವಾಂಕೂರಿನ ಸಹೋದರಿಯರಿಗೆ ಈ ಭಾಗ್ಯವೂ ಬಹುಕಾಲ ಇರಲಿಲ್ಲ. ಅಲ್ಲಿನ 1916ರ ಕ್ರೈಸ್ತ ಉತ್ತರಾಧಿಕಾರ ಕಾನೂನಿನಂತೆ ಮಗಳಿಗೆ ದೊರೆಯುತ್ತಿದ್ದುದು ಮಗನ ಪಾಲಿನ ಕಾಲುಭಾಗ ಅಥವಾ ಐದು ಸಾವಿರ ರೂಪಾಯಿ, ಇವೆರಡರಲ್ಲಿ ಯಾವುದು ಕಡಿಮೆಯೋ ಅದು. ಕೋಟ್ಟಯಂನ ಶಿಕ್ಷಕಿ ಶ್ರೀಮತಿ ಮೇರಿ ರಾಯ್ ಇದನ್ನು ಸರ್ವೋಚ್ಚ ನ್ಯಾಯಾಲಯದಲ್ಲಿ ಪ್ರಶ್ನಿಸಿದರು. 1986ರ ಫೆಬ್ರವರಿಯಲ್ಲಿ ತೀರ್ಪು ಅವರ ಪರವಾಗಿ ಬಂತು. 1951ರ ಏಪ್ರಿಲ್ 1ರಿಂದಲೇ ಅಲ್ಲಿಯೂ 1925ರ ಕಾಯ್ದೆ ಜಾರಿಯಲ್ಲಿದೆ ಎಂದು ನ್ಯಾಯಾಲಯ ಸಾರಿತು. ಮೂವತ್ತೈದು ವರ್ಷ ಹಕ್ಕು ಇದ್ದೂ ಇಲ್ಲದಂತೆ ಮಲಗಿತ್ತು! 2022ರಲ್ಲಿ ಅವರು ನಿಧನರಾದಾಗ ಪತ್ರಿಕೆಗಳು ಅವರನ್ನು ಹೋರಾಟಗಾರ್ತಿ ಎಂದು ಕೊಂಡಾಡಿದವು; ಸೋದರನ ವಿರುದ್ಧವೇ ದಾವೆ ಹೂಡಿದ ದಿನಗಳಲ್ಲಿ ಆಕೆಯ ಕಿವಿಗೆ ಬಿದ್ದ ಮಾತುಗಳು ಬೇರೆಯೇ ಇದ್ದಿರಬೇಕು.

ನಮಗಾದರೋ ದಾವೆ ಹೂಡುವ ಅಗತ್ಯವೇ ಬಾರದಂತೆ ಕಾನೂನು ಮೊದಲೇ ಕೊಟ್ಟಿದೆ. ಕಾನೂನು ಕೊಟ್ಟದ್ದನ್ನು ನಾವು ಸಹಿಯ ಮೂಲಕ ಹಿಂದಿರುಗಿಸುತ್ತೇವೆ. ತಂದೆಯ ವರ್ಷಾಂತಿಕದ ಪೂಜೆ ಮುಗಿದಿರುತ್ತದೆ. ಅಕ್ಕತಂಗಿಯರೆಲ್ಲ ಬಂದಿರುತ್ತಾರೆ. ಮರುದಿನ ಅಣ್ಣ ಬಂದು, ಜಾಗ ನನ್ನ ಹೆಸರಿಗೆ ಮಾಡಬೇಕು, ಸಬ್ ರಿಜಿಸ್ಟ್ರಾರ್ ಕಛೇರಿಗೆ ಒಂದು ಗಳಿಗೆ ಬಂದು ಹೋಗಿ ಎನ್ನುತ್ತಾನೆ. ಅಲ್ಲಿ ಸಿದ್ಧವಾಗಿರುವುದು ಹಕ್ಕು ಬಿಡುಗಡೆ ಪತ್ರ. ಇಂಗ್ಲಿಷಿನಲ್ಲೋ ಕಛೇರಿಯ ಬಿಗಿಯಾದ ಕನ್ನಡದಲ್ಲೋ ಬರೆದ ಆ ನಾಲ್ಕು ಪುಟಗಳನ್ನು ಓದಿ ಹೇಳುವವರಿಲ್ಲ. ತಂಗಿ ಸಹಿ ಹಾಕುತ್ತಾಳೆ, ಹೆಬ್ಬೆಟ್ಟಿನ ಗುರುತು ಒತ್ತುತ್ತಾಳೆ, ಊಟ ಮಾಡಿ ಬಸ್ಸು ಹತ್ತುತ್ತಾಳೆ. ಹಿರಿಯ ತಾಯಿಯೂ ತನ್ನ ಮೂರನೆಯ ಒಂದು ಭಾಗವನ್ನು ಹೀಗೆಯೇ ಬಿಟ್ಟುಕೊಟ್ಟು, ತಾನು ಸಾಕಿದ ಮನೆಯಲ್ಲಿ ಮಗನ ಔದಾರ್ಯದಿಂದ ಬದುಕುವವಳಾಗುತ್ತಾಳೆ.

ಇದರಲ್ಲಿ ಅಣ್ಣಂದಿರೆಲ್ಲ ದುಷ್ಟರೆಂದು ನಾನು ಹೇಳಲಾರೆ. ತಂದೆಯ ಸಾಲ ತೀರಿಸಿದ, ತಾಯಿಯನ್ನು ಹತ್ತು ವರ್ಷ ಹಾಸಿಗೆಯಲ್ಲಿ ನೋಡಿಕೊಂಡ ಅಣ್ಣನಿಗೆ ತಂಗಿ ತಾನಾಗಿಯೇ ಪಾಲು ಬಿಟ್ಟುಕೊಟ್ಟರೆ ಅದು ಶ್ಲಾಘ್ಯ. ಹೆಣ್ಣುಮಕ್ಕಳ ಮನಸ್ಸಿನಲ್ಲಿರುವ ಭಯವನ್ನೂ ನಾನು ಬಲ್ಲೆ. ಪಾಲು ಕೇಳಿದರೆ ತವರು ಮುಚ್ಚಿಹೋಗುತ್ತದೆ. ತೆನೆಹಬ್ಬಕ್ಕೆ ಕರೆಯುವವರಿರುವುದಿಲ್ಲ, ಬಾಣಂತನಕ್ಕೆ ಬಾಗಿಲಿರುವುದಿಲ್ಲ, ಗಂಡನ ಮನೆಯಲ್ಲಿ ಕಷ್ಟವಾದರೆ ಹೋಗಿ ನಿಲ್ಲಲು ನೆಲವಿರುವುದಿಲ್ಲ. ಇಪ್ಪತ್ತು ಸೆಂಟ್ಸಿಗಾಗಿ ಇಷ್ಟನ್ನು ಕಳೆದುಕೊಳ್ಳಲೇ ಎಂಬ ಪ್ರಶ್ನೆ ಹಗುರವಾದದ್ದಲ್ಲ. ಅದಕ್ಕೆ ಎಲ್ಲರಿಗೂ ಒಂದೇ ಉತ್ತರವನ್ನು ಈ ವೇದಿಕೆಯಿಂದ ಹೇಳಿಬಿಡುವುದು ಸುಲಭ. ಆ ಉತ್ತರದೊಡನೆ ಬದುಕಬೇಕಾದವರು ನೀವು. ನಾನು ಕೇಳುವುದು ಇಷ್ಟೇ: ಬಿಟ್ಟುಕೊಡುವುದಾದರೆ ತಿಳಿದು ಬಿಟ್ಟುಕೊಡಿ. ಪತ್ರವನ್ನು ಹದಿನೈದು ದಿನ ಮೊದಲು ಮನೆಗೆ ತರಿಸಿಕೊಳ್ಳಿ. ನಿಮ್ಮ ಕಡೆಯ ವಕೀಲರೊಬ್ಬರಿಂದ ಓದಿಸಿ. ಪಾಲಿನ ಬೆಲೆಯೆಷ್ಟೆಂದು ಕೇಳಿ ತಿಳಿಯಿರಿ. ಪೂರ್ತಿ ಬಿಡುವುದಕ್ಕೆ ಬದಲಾಗಿ ಐದು ಸೆಂಟ್ಸನ್ನೋ, ತಕ್ಕ ಹಣವನ್ನೋ, ತಾಯಿಗೆ ಜೀವಿತಾವಧಿ ವಾಸದ ಹಕ್ಕನ್ನೋ ಬರೆಸಲು ಸಾಧ್ಯವೇ ನೋಡಿ. ಓದಲು ಸಮಯ ಕೇಳಿದ್ದಕ್ಕೇ ಮುನಿಯುವ ಅಣ್ಣನ ಮುನಿಸು ಯಾವುದರ ಬಗ್ಗೆ ಎಂಬುದನ್ನು ಆಗ ಯೋಚಿಸಬಹುದು.

ಪವಿತ್ರ ಗ್ರಂಥದಲ್ಲಿಯೂ ಇಂತಹ ಪ್ರಸಂಗವೊಂದು ಉಂಟು. ಗಂಡುಮಕ್ಕಳಿಲ್ಲದೆ ತೀರಿಕೊಂಡ ತಂದೆಯೊಬ್ಬನ ಐವರು ಹೆಣ್ಣುಮಕ್ಕಳು ಮೋಶೆಯ ಮುಂದೆ, ಯಾಜಕರ ಮತ್ತು ಇಡೀ ಸಭೆಯ ಎದುರಿಗೆ ನಿಂತು ತಂದೆಯ ಪಾಲನ್ನು ಕೇಳಿದರು. ಅವರು ಕೇಳಿದ್ದು ನ್ಯಾಯವೆಂದೇ ತೀರ್ಮಾನವಾಯಿತು. ತಮ್ಮ ಗೋತ್ರದೊಳಗೇ ವಿವಾಹವಾಗಬೇಕೆಂಬ ಷರತ್ತು ಆಮೇಲೆ ಬಂದು ಸೇರಿಕೊಂಡಿತು ಎನ್ನುವುದೂ ನಿಜ. ಹೆಣ್ಣಿಗೆ ಕೊಟ್ಟ ಆಸ್ತಿಯ ಹಿಂದೆ ಷರತ್ತು ಬರುವುದು ಹೊಸ ಸಂಗತಿಯೇನಲ್ಲ.

ಗಳಿಕೆಯ ಮೇಲಿನ ಹಕ್ಕಿನ ವಿಷಯದಲ್ಲಿ ನಮ್ಮ ಹೆಣ್ಣುಮಕ್ಕಳಿಗೆ ಇನ್ನೂ ಹಳೆಯ ರಕ್ಷಣೆಯಿದೆ. 1874ರ ವಿವಾಹಿತ ಸ್ತ್ರೀಯರ ಆಸ್ತಿ ಕಾಯ್ದೆಯ ಪ್ರಕಾರ ಮದುವೆಯಾದ ಹೆಣ್ಣಿನ ಸಂಬಳ, ಸಂಪಾದನೆ, ಅದರಿಂದ ಮಾಡಿದ ಉಳಿತಾಯ ಎಲ್ಲವೂ ಆಕೆಯ ಪ್ರತ್ಯೇಕ ಸ್ವತ್ತು. ಗಂಡನು ಇದೇ ಕಾಯ್ದೆಯಡಿ ಹೆಂಡತಿ ಮಕ್ಕಳ ಹಿತಕ್ಕಾಗಿ ಎಂದು ನಮೂದಿಸಿ ಜೀವವಿಮೆ ಮಾಡಿಸಿದರೆ ಆ ಹಣ ಅವರಿಗೇ ಮೀಸಲಾದ ನಿಧಿಯಾಗಿ ನಿಲ್ಲುತ್ತದೆ. ಆತನ ಸಾಲಗಾರರು ಅದಕ್ಕೆ ಕೈಹಾಕಲಾರರು. ವಿಮೆ ಮಾಡಿಸುವ ದಿನವೇ ಅದನ್ನು ಕೇಳಿ ಬರೆಸಬೇಕು. ಅಂಗಡಿ, ದೋಣಿ, ಗುತ್ತಿಗೆ ಮುಂತಾಗಿ ಸಾಲದ ಮೇಲೆ ವ್ಯವಹಾರ ನಡೆಸುವವರ ಮನೆಯವರು ಇದನ್ನು ವಿಶೇಷವಾಗಿ ಗಮನಿಸಬೇಕು.

ಸಾಲದ ವಿಷಯವನ್ನು ಆರಂಭದಲ್ಲಿ ಹೇಳಿ ಬಿಟ್ಟಿದ್ದೆ. ಕರ್ನಾಟಕದಲ್ಲಿ ‘ಮೈರಾಡಾ’ ಸಂಸ್ಥೆ 1980ರ ದಶಕದಲ್ಲಿ ಬೆಳೆಸಿದ ಸ್ವಸಹಾಯ ಗುಂಪುಗಳನ್ನು ಕಂಡು, 1992ರಲ್ಲಿ ನಬಾರ್ಡ್ ಅಂತಹ ಗುಂಪುಗಳನ್ನು ಬ್ಯಾಂಕುಗಳೊಡನೆ ಜೋಡಿಸುವ ಕಾರ್ಯ ಆರಂಭಿಸಿತು. ಹತ್ತಿಪ್ಪತ್ತು ಹೆಂಗಸರು ವಾರಕ್ಕೊಮ್ಮೆ ಕುಳಿತು, ನಡವಳಿ ಪುಸ್ತಕ ಬರೆದು, ತಮ್ಮಲ್ಲಿ ಯಾರಿಗೆ ಸಾಲ ಕೊಡಬೇಕೆಂದು ತಾವೇ ತೀರ್ಮಾನಿಸುವುದರಿಂದ ಬಂದ ಧೈರ್ಯವನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮ್ಯಾನೇಜರರ ಕೊಠಡಿಯ ಹೊರಗೆ ನಿಲ್ಲುತ್ತಿದ್ದವರು ಒಳಬಂದು ಕುರ್ಚಿಯೆಳೆದು ಕುಳಿತರು. ಆದರೆ ಅದೇ ಧೈರ್ಯವನ್ನು ಬಂಡವಾಳ ಮಾಡಿಕೊಂಡು ಮನೆಬಾಗಿಲಿಗೆ ಸಾಲ ತರುವವರೂ ಹೆಚ್ಚಿದರು. ಒಂದೇ ಮನೆಯಲ್ಲಿ ನಾಲ್ಕು ಕಡೆಯ ಸಾಲ, ನಾಲ್ಕು ವಾರದ ಕಂತು, ನಾಲ್ಕಕ್ಕೂ ಹೆಂಡತಿಯ ಸಹಿ. ವಸೂಲಿಯ ಕಿರುಕುಳ ಮಿತಿಮೀರಿದಾಗ ರಾಜ್ಯ ಸರ್ಕಾರ 2025ರಲ್ಲಿ ಸುಗ್ರೀವಾಜ್ಞೆ ಹೊರಡಿಸಬೇಕಾಯಿತು. ಸಾಲದ ಹಣದಿಂದ ಕೊಂಡ ವಾಹನ ಯಾರ ಹೆಸರಿನಲ್ಲಿದೆ ಎಂದು ಕೇಳದೆ ಸಾಲಕ್ಕೆ ಸಹಿ ಹಾಕಬೇಡಿ. ಜಾಮೀನಿಗೂ ಇದೇ ಮಾತು. ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ ಪೂರ್ಣವಾದದ್ದೆಂದು 1872ರ ಕರಾರು ಕಾಯ್ದೆ ಹೇಳುತ್ತದೆ. ‘ಬರೀ ಸಾಕ್ಷಿಗೆ ಒಂದು ಸಹಿ’ ಎಂದು ಹೇಳಿ ಜಾಮೀನು ಬರೆಸಿಕೊಳ್ಳುವವರಿದ್ದಾರೆ.

ಕೊನೆಯದಾಗಿ ಮರಣಾನಂತರದ ಎರಡು ವಿಚಾರ. ಬ್ಯಾಂಕಿನ ಖಾತೆಯಲ್ಲಿ ನಾಮನಿರ್ದೇಶನಗೊಂಡವರೇ ಒಡೆಯರೆಂದು ಅನೇಕರು ತಿಳಿದಿದ್ದಾರೆ. ನಾಮನಿರ್ದೇಶಿತರು ಹಣವನ್ನು ಪಡೆದು ವಾರಸುದಾರರಿಗೆ ಮುಟ್ಟಿಸುವವರು ಮಾತ್ರ. ಜೀವವಿಮೆಯಲ್ಲಿ ಮಾತ್ರ 2015ರ ತಿದ್ದುಪಡಿಯ ಮೇಲೆ ತಂದೆತಾಯಿ, ಗಂಡ ಅಥವಾ ಹೆಂಡತಿ, ಮಕ್ಕಳು ನಾಮನಿರ್ದೇಶಿತರಾಗಿದ್ದರೆ ಹಣ ಅವರಿಗೇ ಸಲ್ಲುತ್ತದೆಂದು ಕಾಯ್ದೆ ಹೇಳುತ್ತದೆ. ಆದುದರಿಂದ ಆಸ್ತಿಯುಳ್ಳ ಹೆಂಗಸರೂ ಉಯಿಲು ಬರೆಯಬೇಕು. ಇಲ್ಲಿ ನರ್ಸುಗಳು, ಉಪಾಧ್ಯಾಯಿನಿಯರು, ಅವಿವಾಹಿತರಾಗಿ ದುಡಿಯುತ್ತಿರುವ ಹೆಣ್ಣುಮಕ್ಕಳು ಹಲವರಿದ್ದೀರಿ. ನಾನು ಹೊಗಳಿದ 1925ರ ಕಾಯ್ದೆಯಲ್ಲಿ ಒಂದು ಮೊಂಡು ಮೂಲೆಯಿದೆ: ಗಂಡನೂ ಮಕ್ಕಳೂ ಇಲ್ಲದ ಮಗಳು ಉಯಿಲಿಲ್ಲದೆ ತೀರಿಕೊಂಡರೆ, ತಂದೆ ಬದುಕಿದ್ದಲ್ಲಿ ಆಕೆಯ ಆಸ್ತಿಯೆಲ್ಲ ತಂದೆಗೆ. ಹೆತ್ತ ತಾಯಿಗೆ ಒಂದು ಕಾಸೂ ಇಲ್ಲ. ತಾಯಿಗೆ ಏನಾದರೂ ಸಲ್ಲಬೇಕಾದರೆ ಮಗಳು ಬರೆದಿಡಲೇಬೇಕು.

ಉಯಿಲಿಗೆ ಛಾಪಾಕಾಗದ ಬೇಡ, ನೋಂದಣಿ ಕಡ್ಡಾಯವಲ್ಲ. ಬಿಳಿಯ ಹಾಳೆಯಲ್ಲಿ ಸ್ಪಷ್ಟವಾಗಿ ಬರೆದು ಸಹಿ ಹಾಕಿ, ಇಬ್ಬರು ಸಾಕ್ಷಿಗಳ ಸಹಿ ಪಡೆದರೆ ಸಾಕು. ಸಾಕ್ಷಿ ಹಾಕಿದವರಿಗಾಗಲಿ ಅವರ ಗಂಡ ಅಥವಾ ಹೆಂಡತಿಗಾಗಲಿ ಆ ಉಯಿಲಿನಲ್ಲಿ ಏನನ್ನಾದರೂ ಬರೆದಿದ್ದರೆ ಅವರಿಗೆ ಬರೆದಷ್ಟು ಅಸಿಂಧುವಾಗುತ್ತದೆ. ಆದ್ದರಿಂದ ಮನೆಯವರನ್ನು ಬಿಟ್ಟು ನೆರೆಯವರನ್ನು ಕರೆಯಿರಿ. ಉಯಿಲು ಬರೆದ ಮೇಲೆ ವಿವಾಹವಾದರೆ ಹಳೆಯದು ತಾನಾಗಿಯೇ ರದ್ದಾಗುತ್ತದೆ, ಮತ್ತೆ ಹೊಸದಾಗಿ ಬರೆಯಬೇಕು.

ಗುರುಗಳು ಗಡಿಯಾರವನ್ನು ನೋಡುತ್ತಿದ್ದಾರೆ. ಚಹಾದ ನಂತರ ನಾನು ಇದೇ ಸಭಾಂಗಣದ ಮೂಲೆಯ ಮೇಜಿನ ಬಳಿ ಇರುತ್ತೇನೆ. ಪಾಸ್‌ಬುಕ್ಕು, ವಿಮೆಯ ಕಾಗದ, ಜಾಗದ ಆರ್.ಟಿ.ಸಿ. ತಂದವರು ತೋರಿಸಬಹುದು, ಸಹಿ ಹಾಕಲು ಹೇಳಿರುವ ಪತ್ರವೇನಾದರೂ ಚೀಲದಲ್ಲಿದ್ದರೆ ಅದನ್ನು ಮೊದಲು ತೋರಿಸಿ.